ಲೆದರ್ಬಿಯವರ ಮನೆಯ ಹನ್ನೊಂದು ಒಲೆಗಳು

ನನ್ನ ಕೆನೆಬಣ್ಣದ ಪ್ಯಾಂಟಿನ ಹಿಂಭಾಗದಲ್ಲಿ ನಮ್ಮ ವಿಶ್ವವಿದ್ಯಾಲಯದ ಮಹಾದಾನಿಯ ಹೆಸರು ಅಚ್ಚಾಗಿದೆ ಎಂದು ನನಗೆ ಗೊತ್ತಾದದ್ದು ತಡವಾಗಿ. ಅಷ್ಟರಲ್ಲಿ ನಾನು ಇಡೀ ಕ್ಯಾಂಪಸ್ ದಾಟಿ, ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದ ಹುಡುಗ ಹುಡುಗಿಯರಿಗೆಲ್ಲ ಬೆನ್ನು ತೋರಿಸಿ, ಅಧ್ಯಕ್ಷೆ ಡಾ. ಹ್ಯಾವರ್‌ಕ್ಯಾಂಪ್ ಅವರ ಕೋಣೆ ಹೊಕ್ಕು, ಬಾಗಿಲು ಹಾಕಲು ತಿರುಗಿದ್ದೆ.

"ಮಿಸ್ಟರ್ ಬೀಸ್ಲಿ, ನಿಮ್ಮ ಹಿಂದೆ ಏನೋ ಬರೆದಿದೆ" ಎಂದರು ಅಧ್ಯಕ್ಷೆ. ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಅಕ್ಷರ ಎಲ್ಲ ಹಿಂದುಮುಂದಾಗಿದೆ. ಕನ್ನಡಿ ಬೇಕು ಓದೋದಕ್ಕೆ."

ಕನ್ನಡಿ ಇದ್ದದ್ದು ಅವರ ಬಚ್ಚಲಿನಲ್ಲಿ. ಕತ್ತು ತಿರುಗಿಸಿ ಓದಿದೆ. ಎರಡು ಸಾಲು, ಕಡುಗಪ್ಪು, ಮುದ್ದಾದ ಅಕ್ಷರ: 'ಲೆದರ್ಬಿ. ಬೆಚ್ಚಗಿರಿ.'

ಬೆಳಿಗ್ಗೆ ನಾನು ಲೆದರ್ಬಿ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ, ಆ ಮನೆ ನೋಡಿಕೊಳ್ಳುವ ಮಿಸ್ ವರ್ಡೆಲ್ ಪಿಂಕ್‌ಸ್ಟನ್ ಜೊತೆ ಮಾತಾಡುತ್ತಾ, ಎರಡು ಕೈ ಹಿಂದಕ್ಕೆ ಕಟ್ಟಿಕೊಂಡು, ಚಳಿ ಕಾಯಿಸುವ ಎರಕದ ಕಬ್ಬಿಣದ ಒಲೆಗೆ ಒರಗಿ ನಿಂತಿದ್ದೆ. ಅವರು ಆಗಷ್ಟೇ ಅದಕ್ಕೆ ತುಕ್ಕು ಹಿಡಿಯದಂತೆ ಕರಿ ಹಚ್ಚಿ ಮುಗಿಸಿದ್ದರು. ಒಲೆಯ ಬಾಗಿಲಿನ ಉಬ್ಬಕ್ಷರ ನನ್ನ ಮೇಲೆ ಮುದ್ರೆ ಒತ್ತಿತ್ತು. ಹೊರಟಾಗ ಮೊಗಸಾಲೆಯ ತನಕ ಬಂದು ಬೀಳ್ಕೊಟ್ಟ ಆ ಮಹಾತಾಯಿ ಒಂದು ಮಾತು ಹೇಳಲಿಲ್ಲ. ಆಮೇಲೊಂದು ದಿನ ಕೇಳಿದ್ದಕ್ಕೆ, "ನೋಡಿದೆನಪ್ಪ. ಓದುಬರಹ ಬರೋರ ಊರು, ದಾರೀಲಿ ಯಾರಾದ್ರೂ ಓದಿ ಹೇಳ್ತಾರೆ ಅಂತ ಸುಮ್ಮನಾದೆ" ಎಂದರು.

ಅಮೋಸ್ ಲೆದರ್ಬಿ ಮಿಷಿಗನ್ನಿನ ಒಲೆ ದೊರೆ. ಅರ್ಧ ದೇಶ ಅವರು ಎರಕ ಹೊಯ್ಯಿಸಿದ ಒಲೆಯಲ್ಲಿ ಚಳಿ ಕಾಯಿಸಿಕೊಂಡರೂ ಅವರಿಗೆ ಮಾತ್ರ ಚಳಿ ಬಿಡಲಿಲ್ಲವಂತೆ. ಕೊನೆಗೆ ಚಳಿಯಿಂದ ಓಡಿ ಫ್ಲಾರಿಡಾದ ನಮ್ಮ ಟಾಲಿವರ್ ಲ್ಯಾಂಡಿಂಗ್‌ಗೆ ಬಂದು ನದಿಯ ದಂಡೆಯಲ್ಲಿ ಚಳಿಗಾಲದ ಮಹಲು ಕಟ್ಟಿಸಿದರು. ಕ್ರಿಸ್ಮಸ್ ದಿನ ಬೀಸಣಿಗೆ ಹಿಡಿದು ಕೂರುವ ಊರು ನಮ್ಮದು. ಇಲ್ಲೂ ಅವರಿಗೆ ಚಳಿ. ಮಹಲಿನಲ್ಲಿ ಹನ್ನೊಂದು ಒಲೆ ಇಡಿಸಿದರು. ಆಮೇಲೆ ಊರಿನ ವಿಶ್ವವಿದ್ಯಾಲಯದ ಮೇಲೆ ಪ್ರೀತಿ ಬಂತು. ಗ್ರಂಥಾಲಯ ಕೊಟ್ಟರು, ಪ್ರಾರ್ಥನಾಮಂದಿರ ಕೊಟ್ಟರು, ಯಾರೂ ಕೇಳದಿದ್ದರೂ ಪ್ರತಿ ತರಗತಿಗೆ ಒಂದೊಂದು ಒಲೆ ಕೊಟ್ಟರು. ಅವರು ನೋಡಲು ಬಂದ ದಿನ ಎಲ್ಲ ಒಲೆಗೂ ಬೆಂಕಿ ಹಾಕಲೇಬೇಕು. ಹಾಗೊಂದು ದಿನ ಲ್ಯಾಟಿನ್ ಮೇಷ್ಟ್ರು ಕ್ರಿಯಾಪದ ಹೇಳುತ್ತಾ ಹೇಳುತ್ತಾ ಮೂರ್ಛೆ ಹೋದರಂತೆ. ಈಗ ಆ ಒಲೆಗಳ ಮೇಲೆ ಹೂವಿನ ಕುಂಡ ಇಟ್ಟಿದ್ದೇವೆ.

ನವೆಂಬರಿನ ಮೊದಲ ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಅವರ ರೈಲು ಬರುತ್ತಿದ್ದ ಹೊತ್ತಿಗೆ, ವಿಶ್ವವಿದ್ಯಾಲಯದ ಹಾಡುಗಾರರು ಮಹಲಿನ ಹುಲ್ಲುಹಾಸಿನಲ್ಲಿ ನಿಂತು ಸ್ವಾಗತ ಹಾಡುವುದು, ಅಧ್ಯಕ್ಷರು ಹ್ಯಾಟು ತೆಗೆದು ವಂದಿಸುವುದು ಪದ್ಧತಿ. ೧೯೨೬ರ ಫೆಬ್ರವರಿಯಲ್ಲಿ ಲೆದರ್ಬಿ ಆ ಮನೆಯ ಮಹಡಿಯಲ್ಲೇ ತೀರಿಕೊಂಡರು. ಆ ನವೆಂಬರಿನಲ್ಲಿ ಹಾಡುಗಾರರು ಆಗಲೇ ಅಭ್ಯಾಸ ಮಾಡಿಬಿಟ್ಟಿದ್ದರಿಂದ ಹಾಡಿದರು. ಮರುವರ್ಷ, ಹೋದ ವರ್ಷ ಹಾಡಿದ್ದೇವಲ್ಲ ಎಂದು ಹಾಡಿದರು. ಅಲ್ಲಿಂದ ಅರವತ್ತಮೂರು ವರ್ಷ ಖಾಲಿ ಜಗುಲಿಗೆ ಹಾಡು, ಖಾಲಿ ಕುರ್ಚಿಗೆ ಹ್ಯಾಟು. ಡಾ. ಹ್ಯಾವರ್‌ಕ್ಯಾಂಪ್ ಹ್ಯಾಟು ಹಾಕುವವರಲ್ಲ. ಅವರಿಗೆ ತೆಗೆಯುವುದಕ್ಕೆಂದೇ ಒಂದು ಹ್ಯಾಟನ್ನು ಕಚೇರಿಯಲ್ಲಿ ಇಟ್ಟಿದ್ದೇವೆ.

"ಇನ್ನು ಸಾಕು" ಎಂದರು ಅವರು, ನಾನು ಬಚ್ಚಲಿನಿಂದ ಬಂದು ಗೋಡೆಗೆ ಬೆನ್ನು ಮಾಡಿ ನಿಂತ ಮೇಲೆ. "ಆ ಮನೇನ ಅತಿಥಿಗೃಹ ಮಾಡೋಣ. ಹಿತ್ತಲ ಮನೆ ಕೆಡವಿ ಕಾರು ನಿಲ್ಲಿಸೋ ಜಾಗ. ಅಡ್ಡಿ ಒಂದೇ, ಆ ವರ್ಡೆಲ್ ಪಿಂಕ್‌ಸ್ಟನ್."

ಅಡ್ಡಿ ಇದ್ದದ್ದು ಲೆದರ್ಬಿ ಮಹಲನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ ದಾನಪತ್ರದ ಒಂದು ವಾಕ್ಯದಲ್ಲಿ. 'ನಾನು ಈ ಮನೆಯಲ್ಲಿ ಚಳಿಗಾಲ ಕಳೆಯುವವರೆಗೆ ಪಿಂಕ್‌ಸ್ಟನ್ ಕುಟುಂಬದವರು ಮನೆ ನೋಡಿಕೊಂಡು ಹಿತ್ತಲ ಮನೆಯಲ್ಲಿ ಇರತಕ್ಕದ್ದು. ಅವರನ್ನು ಯಾರೂ ಎಬ್ಬಿಸತಕ್ಕದ್ದಲ್ಲ.'

"ಸತ್ತವರು ಚಳಿಗಾಲ ಕಳೀತಾರಾ ಬೀಸ್ಲಿ? ಷರತ್ತು ಅವತ್ತೇ ಮುಗೀತು. ಈ ಸಲ ನವೆಂಬರಿನ ಮಂಗಳವಾರ ವಕೀಲರನ್ನ ಕರ್ಕೊಂಡು ಹೋಗ್ತೀನಿ. ಯಾರೂ ಬರಲಿಲ್ಲ ಅಂತ ಬರೆದುಕೊಳ್ಳಲಿ. ಅಷ್ಟರಲ್ಲಿ ನೀವು ಆಕೆಯ ಜೀವನಚಿತ್ರ ಅಂತ ಪತ್ರಿಕೆಗೆ ಒಂದು ಲೇಖನ ಬರೀರಿ. ಚೆನ್ನಾಗಿ ಹೊಗಳಿ. ಹೊಗಳಿಸಿಕೊಂಡೋರು ಸುಲಭವಾಗಿ ಏಳ್ತಾರೆ."

ಹೊಗಳುವುದು ನನ್ನ ಕಸುಬು. ವಿಶ್ವವಿದ್ಯಾಲಯದ ತ್ರೈಮಾಸಿಕವನ್ನು ಹದಿನಾಲ್ಕು ವರ್ಷದಿಂದ ತರುತ್ತಿದ್ದೇನೆ. ದಾನ ಕೊಟ್ಟವರನ್ನು ಒಳಪುಟದಲ್ಲಿ, ಕೊಡಬಹುದಾದವರನ್ನು ಮುಖಪುಟದಲ್ಲಿ ಹೊಗಳುತ್ತೇನೆ. ಅದೇ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಲು ಸೇರಿ ಎರಡು ಸಲ ನಪಾಸಾದವನು ನಾನು. ಅದು ಗೊತ್ತಿದ್ದೇ ಮಿಸ್ ವರ್ಡೆಲ್ ನನ್ನನ್ನು ಪ್ರೊಫೆಸರ್ ಎಂದು ಕರೆಯುವುದು.

ಮರುದಿನ ಬೇರೆ ಪ್ಯಾಂಟು ಹಾಕಿಕೊಂಡು ಹೋದೆ.

"ಬಾ ಪ್ರೊಫೆಸರ್. ಇವತ್ತು ಕರೀ ಪ್ಯಾಂಟಾ? ಬುದ್ಧಿ ಬಂತು ಬಿಡು" ಎಂದರು ಮಿಸ್ ವರ್ಡೆಲ್. ಒಣಕಲು ದೇಹ, ಹಣೆಯವರೆಗೆ ಕಟ್ಟಿದ ಬಟ್ಟೆ, ಮೊಣಕೈ ತನಕ ಒಲೆಯ ಕರಿ. ಹಿತ್ತಲ ಮನೆಯ ಅಡುಗೆಕೋಣೆಯಲ್ಲಿ ಕೂರಿಸಿ, ಸಕ್ಕರೆ ಸುರಿದ ತಣ್ಣನೆಯ ಟೀ, ಗೆಣಸಿನ ಪೈ ಕೊಟ್ಟರು. ಆ ಮನೆಯ ನೀರಿಗೆ ಗಂಧಕದ ವಾಸನೆ. ಸಕ್ಕರೆಗೂ ಅದನ್ನು ಪೂರ್ತಿ ಮುಚ್ಚಲಾಗುವುದಿಲ್ಲ.

"ನಿಮ್ಮ ಬಗ್ಗೆ ಬರೀತೀನಿ" ಎಂದೆ.

"ಸತ್ತೋರ ಬಗ್ಗೆ ತಾನೇ ನೀವು ಬರಿಯೋದು? ನನಗೇನೋ ಹೇಳದೆ ಇಟ್ಟುಕೊಂಡಿದ್ದೀಯ ಹಾಗಾದ್ರೆ."

ಪೈ ತಟ್ಟೆ ಕೆಳಗಿಟ್ಟೆ. ಮುಚ್ಚಿಡುವ ವಿದ್ಯೆಯಲ್ಲೂ ನಾನು ನಪಾಸು. ಅತಿಥಿಗೃಹ, ವಕೀಲರು, ಮಂಗಳವಾರ, ಎಲ್ಲ ಹೇಳಿಬಿಟ್ಟೆ. ಅವರು ಟೀ ಲೋಟದ ಕೆಳಗಿನ ಒದ್ದೆ ಉಂಗುರವನ್ನು ಸೆರಗಿನಂಥ ಏಪ್ರನ್ನಿನ ತುದಿಯಿಂದ ನಿಧಾನಕ್ಕೆ ಒರೆಸಿದರು.

"ನಾನು ಹುಟ್ಟಿದ್ದು ಈ ಒಳಗಿನ ಕೋಣೇಲಿ" ಎಂದರು. "ಮೇಲೆ ಮಹಡೀಲಿ ಅವರು ಹೋದ್ರು, ಇಲ್ಲಿ ನಾನು ಬಂದೆ. ಒಂದೇ ದಿನ. ಡಾಕ್ಟರು ಒಂದೇ ಸಲಕ್ಕೆ ಎರಡೂ ಕೆಲಸ ಮುಗಿಸಿಕೊಂಡು ಹೋದ್ರಂತೆ. ನಮ್ಮಮ್ಮ ಲವಿ ಹೇಳೋಳು, ನೀನು ಅತ್ತಿದ್ದು ಮೊದಲೋ ಅವರ ಉಸಿರು ನಿಂತಿದ್ದು ಮೊದಲೋ ಗೊತ್ತಾಗಲಿಲ್ಲ ಅಂತ. ಹಾಗಾಗಿ ನಾನು ಅವರನ್ನ ಬದುಕಿದ್ದಾಗ ನೋಡಿಲ್ಲ."

'ಬದುಕಿದ್ದಾಗ' ಎಂಬ ಮಾತನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಬರೆದ ಮೇಲೆ ಅದನ್ನೇ ನೋಡುತ್ತಾ ಕೂತೆ.

ಅವರು ಓದಲು ಕಲಿತದ್ದು ಒಲೆಗಳಿಂದ. ಅಮ್ಮ ಕರಿ ಹಚ್ಚುವಾಗ ಬಾಗಿಲಿನ ಉಬ್ಬಕ್ಷರದ ಮೇಲೆ ಬೆರಳಾಡಿಸಿ, ಕಣ್ಣು ಮುಚ್ಚಿಕೊಂಡೇ 'ಬೆಚ್ಚಗಿರಿ' ಓದಿದರಂತೆ. ಹದಿನೆಂಟಾದಾಗ ಲೆದರ್ಬಿಯವರ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿದರು. ಕರಿಯರಿಗೆ ಇಲ್ಲಿ ಪ್ರವೇಶವಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿದರು. ಆ ಬಾಗಿಲು ತೆರೆಯುವಷ್ಟರಲ್ಲಿ ಇವರಿಗೆ ಮೂವತ್ತೆಂಟು. "ಅವರ ಮನೆ ಬೀಗದಕೈ ನಮ್ಮ ಸೊಂಟದಲ್ಲಿ, ಅವರ ಪುಸ್ತಕದ ಬೀಗದಕೈ ನಿಮ್ಮೋರ ಸೊಂಟದಲ್ಲಿ. ಹೀಗೆ ಹಂಚಿದ್ರು" ಎಂದು ನಕ್ಕರು. ಮದುವೆಯಾದ ಮೇಲೂ ಊರಿಗೆಲ್ಲ ಅವರು ಮಿಸ್ ವರ್ಡೆಲ್ ಪಿಂಕ್‌ಸ್ಟನ್ನೇ. ಗಂಡ ಎಲ್ಲಿಸ್ ಕಾಗದದ ಕಾರ್ಖಾನೆಯಲ್ಲಿದ್ದವನು, ಆ ಒಳಗಿನ ಕೋಣೆಯಲ್ಲೇ ಸತ್ತ. ಬೇಸಿಗೆಯಲ್ಲಿ ಪ್ರೊಫೆಸರುಗಳ ಅಂಗಿ ಇಸ್ತ್ರಿ, ಅಕ್ಟೋಬರಿನಿಂದ ಒಲೆಗಳು. "ಇಲ್ಲಿಂದ ಎಬ್ಬಿಸಿದ್ರೆ ಎಲ್ಲಿಗೆ ಹೋಗಲಿ? ಹೋಗೋಕೆ ಜಾಗ ಇರಬಹುದು ಅನ್ನು. ಇವರನ್ನ ಯಾರು ನೋಡ್ಕೋತಾರೆ?"

"ಯಾರನ್ನ?"

"ಬಾ, ಕೆಲಸ ಇದೆ" ಎಂದು ಎದ್ದರು.

ಮಹಲಿನ ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹೊರಗೆ ಓಕ್ ಮರಗಳಿಂದ ಇಳಿಬಿದ್ದ ಬೂದು ಪಾಚಿಯ ಜಡೆಗಳ ನೆರಳು ಬಾಗಿಲ ಸಂದಿನಿಂದ ಬಂದು ನೆಲದ ಮೇಲೆ ಆಡುತ್ತಿತ್ತು. ಗಾಳಿ ಇರಲಿಲ್ಲ. ಕುರ್ಚಿ ಮೇಜುಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿತ್ತು, ಒಂದು ಕುರ್ಚಿ ಬಿಟ್ಟು. ಮುಂದಿನ ಕೋಣೆಯ ಒಲೆಯ ಪಕ್ಕದ ಚರ್ಮದ ಕುರ್ಚಿ ಅದು. ಮಿಸ್ ವರ್ಡೆಲ್ ಬಗ್ಗಿ ಜಮಖಾನೆ ತೋರಿಸಿದರು.

"ಇಲ್ಲಿ ನೋಡು. ಮಾರ್ಚಿನಲ್ಲಿ ಮನೆ ಮುಚ್ಚುವಾಗ ಕುರ್ಚಿ ಕಾಲು ಈ ಕುಳೀಲೇ ಇಟ್ಟು ಹೋಗ್ತೀನಿ. ಅಕ್ಟೋಬರಿನಲ್ಲಿ ಬಂದು ನೋಡಿದ್ರೆ ಇಲ್ಲಿರುತ್ತೆ. ನಾಲ್ಕು ಬೆರಳು ಒಲೆ ಕಡೆಗೆ."

ನಾನು ಮಂಡಿಯೂರಿ ನೋಡಿದೆ. ಜಮಖಾನೆಯ ಮೇಲೆ ಕುರ್ಚಿ ಕಾಲಿನ ಕುಳಿಗಳು ನಾಲ್ಕಲ್ಲ. ಕಿಟಕಿಯ ಹತ್ತಿರದಿಂದ ಶುರುವಾಗಿ, ನಾಲ್ಕು ಬೆರಳಿಗೊಂದರಂತೆ, ಎರಡು ಸಾಲು ಒಲೆಯವರೆಗೂ ಬಂದಿದ್ದವು. ಯಾರೋ ಬಹಳ ನಿಧಾನವಾಗಿ, ಅರವತ್ತು ವರ್ಷ ತೆಗೆದುಕೊಂಡು, ಕೋಣೆ ದಾಟಿ ನಡೆದುಬಂದ ಹೆಜ್ಜೆ ಹಾಗೆ.

"ವಾಪಸ್ ಮೊದಲಿನ ಜಾಗಕ್ಕೆ ಎಳೆದಿಡಬಹುದಲ್ಲ?" ಎಂದೆ.

"ವಯಸ್ಸಾದೋರಿಗೆ ಚಳಿ ಜಾಸ್ತಿ ಮಗಾ. ಯಾಕೆ ಎಳೀಲಿ?"

ನೆಲ ಜಾರಿರಬಹುದು, ಇಲಿ ಇರಬಹುದು ಎಂದೆಲ್ಲ ಹೇಳಿದೆ. ಇಲಿಗಳು ಚರ್ಮದ ಕುರ್ಚಿ ತಳ್ಳುತ್ತವೆಯೇ ಎಂದು ಅವರು ಕೇಳಲಿಲ್ಲ. ಕೇಳದೆ ಇದ್ದದ್ದೇ ಕಷ್ಟವಾಯಿತು. ಮಾತು ಬದಲಿಸಲು ನನ್ನ ಪ್ಯಾಂಟಿನ ವಿಷಯ ತೆಗೆದೆ. ನೀವು ನಿನ್ನೆಯೇ ಹೇಳಬಾರದಿತ್ತೇ, ಕೆಲಸ ಹೋಗುವಷ್ಟು ಮಾನ ಹೋಯಿತು ಎಂದೆ.

ಅವರು ಕರಿಯ ಬಟ್ಟೆ ಹಿಡಿದ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಅದಿರಲಿ, ನೀನು ನಿನ್ನೆ ಯಾಕೆ ಒರಗಿದೆ?"

"ಅಭ್ಯಾಸ. ಒಲೆ ಇದ್ದರೆ ಒರಗೋದೇ."

"ತಣ್ಣಗಿರೋ ಒಲೆಗೆ ಯಾರು ಅಂಡು ಕೊಡ್ತಾರಪ್ಪ?"

ಹಿಂದಿನ ದಿನ ಬೆಳಿಗ್ಗೆ ಹಿತವಾಗಿತ್ತು. ನನ್ನ ನಡುವಿಗೆ ಎಷ್ಟೋ ದಿನದಿಂದ ನೋವು. ಆ ಒಲೆಗೆ ಒರಗಿದಾಗ ಅದು ಇಳಿದು, ನಾನು ಹಿಮ್ಮಡಿ ಎತ್ತಿ ಎತ್ತಿ ಕಾಯಿಸಿಕೊಂಡದ್ದು ನೆನಪಾಯಿತು.

"ನಾನು ಕರಿ ಹಚ್ಚುವಾಗ ತಣ್ಣಗಿತ್ತು" ಎಂದರು ಮಿಸ್ ವರ್ಡೆಲ್. "ಬಿಸಿ ಒಲೆಗೆ ಕರಿ ಕೂರಲ್ಲ. ಮೇಲೆ ಹೊಗೆ ಹೋಗೋ ಚಿಮಣಿ ಬಾಯಿಗೆ ತಗಡಿನ ಮುಚ್ಚಳ ಇನ್ನೂ ತೆಗೆದಿಲ್ಲ. ಬೆಂಕಿಪೊಟ್ಟಣ ಇಲ್ಲಿದೆ." ಏಪ್ರನ್ನಿನ ಜೇಬು ತಟ್ಟಿದರು. ಪೊಟ್ಟಣ ಸದ್ದು ಮಾಡಿತು. ಮತ್ತೆ ಬಗ್ಗಿ ಒಲೆಯ ಕಾಲು ಉಜ್ಜತೊಡಗಿದರು. ನಾನು ಒಲೆ ಮುಟ್ಟಿ ನೋಡಲಿಲ್ಲ. ಧೈರ್ಯವಂತರು ಮುಟ್ಟಬಹುದಿತ್ತು. ನಾನು ಪತ್ರಿಕೆಯವನು.

ನವೆಂಬರಿನ ಆ ಮಂಗಳವಾರ ಉತ್ತರದಿಂದ ಶೀತಗಾಳಿ ಇಳಿದಿತ್ತು. ನಮ್ಮ ಊರಿಗೆ ಅಪರೂಪದ ಚಳಿ. ಹಾಡುಗಾರರ ಬಾಯಿಂದ ಹಾಡಿನ ಜೊತೆ ಹಬೆ ಬರುತ್ತಿತ್ತು. ಅಧ್ಯಕ್ಷೆ ಹ್ಯಾಟು ತೆಗೆದರು. ಅವರ ಪಕ್ಕ ವಕೀಲ ಟಟಲ್, ಗಡಿಯಾರ ಹಿಡಿದು ನಿಂತಿದ್ದರು. ಗಿಡ್ಡನೆಯ, ನಯವಾದ ಮನುಷ್ಯ. ಮಿಸ್ ವರ್ಡೆಲ್ ಒಗೆದ ಬಿಳಿ ಏಪ್ರನ್ ತೊಟ್ಟು ಎಲ್ಲರಿಂದ ಸ್ವಲ್ಪ ದೂರ, ಹುಲ್ಲಿನ ಮೇಲೆ ನಿಂತಿದ್ದರು. ಜಗುಲಿಯ ಮೇಲೆ ಯಾರೂ ಇರಲಿಲ್ಲ. ಹಾಡು ಮುಗಿಯಿತು.

"ಮೂರು ಗಂಟೆ ಹತ್ತು ನಿಮಿಷ" ಎಂದರು ಟಟಲ್, ಬರೆದುಕೊಳ್ಳುತ್ತಾ. "ಯಾರೂ ಬರಲಿಲ್ಲ."

"ಒಳಗೆ ಬನ್ನಿ ಸಾರ್. ಚಳೀಲಿ ಯಾಕೆ ನಿಲ್ತೀರಿ?" ಎಂದರು ಮಿಸ್ ವರ್ಡೆಲ್.

ನಾವು ನಾಲ್ವರು ಮುಂದಿನ ಕೋಣೆಗೆ ಹೋದೆವು. ಚರ್ಮದ ಕುರ್ಚಿ ಬಿಟ್ಟು ಉಳಿದವುಗಳಲ್ಲಿ ಕೂತೆವು. ಆ ಕುರ್ಚಿಯಲ್ಲಿ ಯಾಕೆ ಕೂರಲಿಲ್ಲ ಎಂದು ಯಾರನ್ನು ಕೇಳಿದರೂ ಉತ್ತರ ಸಿಗುತ್ತಿರಲಿಲ್ಲ. ಟಟಲ್ ಮಾತ್ರ ಕೂರಲಿಲ್ಲ. ವಕೀಲರು ನಿಂತೇ ಪ್ರಶ್ನೆ ಕೇಳುವುದು.

"ಮಿಸ್ ಪಿಂಕ್‌ಸ್ಟನ್, ದಾನಪತ್ರದ ಅರ್ಥ ಸ್ಪಷ್ಟ ಅಲ್ಲವಾ? ಬದುಕಿರುವವರೆಗೆ ಅಂತ."

"ಬದುಕಿರುವವರೆಗೆ ಅಂತ ಬರೆದಿಲ್ಲ ಸಾರ್. ಚಳಿಗಾಲ ಕಳೆಯುವವರೆಗೆ ಅಂತ ಬರೆದಿದೆ. ಅವರು ಎರಕದೋರು. ಒಂದೊಂದು ಅಕ್ಷರಕ್ಕೂ ಕಬ್ಬಿಣ ಬೇಕು ಅಂತ ಗೊತ್ತಿದ್ದೋರು. ಒಂದು ಮಾತಿನ ಜಾಗದಲ್ಲಿ ಇನ್ನೊಂದು ಹಾಕೋರಲ್ಲ."

"ಸರಿ." ಟಟಲ್ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡರು. "ಹಾಗಾದ್ರೆ ೧೯೨೬ರ ಮೇಲೆ ಅವರು ಇಲ್ಲಿ ಚಳಿಗಾಲ ಕಳೆದಿದ್ದಕ್ಕೆ ಏನಾದರೂ ಆಧಾರ? ಬರಹದಲ್ಲಿ?"

ಮಿಸ್ ವರ್ಡೆಲ್ ಒಳಗೆ ಹೋಗಿ, ಇಸ್ತ್ರಿ ಬಟ್ಟೆಯ ಬುಟ್ಟಿಯೊಂದನ್ನು ಎರಡು ಕೈಯಲ್ಲಿ ಹೊತ್ತು ತಂದರು. ತುಂಬ ಪತ್ರಿಕೆಗಳು. ಮುಖಪುಟ ನೋಡಿದ್ದೇ ನನಗೆ ಗುರುತು ಸಿಕ್ಕಿತು. ನಮ್ಮದೇ ತ್ರೈಮಾಸಿಕ, ಪ್ರತಿ ನವೆಂಬರಿನ ಸಂಚಿಕೆ. ಆಜೀವ ಸದಸ್ಯರ ಪಟ್ಟಿಯಿಂದ ಲೆದರ್ಬಿಯವರ ಹೆಸರನ್ನು ಯಾರೂ ತೆಗೆದೇ ಇರಲಿಲ್ಲ. ಅಂಚೆಯವರು ತಂದು ಹಾಕುತ್ತಲೇ ಇದ್ದರು.

"ಇಲ್ಲಿದೆ ಸಾರ್. 'ಚಳಿಗಾಲಕ್ಕೆ ಬಂದವರು' ಅಂತ ಒಂದು ಅಂಕಣ."

ಟಟಲ್ ಒಂದು ಸಂಚಿಕೆ ತೆಗೆದು ಓದಿದರು. "'ಶ್ರೀ ಅಮೋಸ್ ಲೆದರ್ಬಿಯವರು ಎಂದಿನಂತೆ ಚಳಿಗಾಲ ಕಳೆಯಲು ತಮ್ಮ ಮನೆಗೆ ಬಂದಿದ್ದಾರೆ.' ಇದು ೧೯೩೪." ಇನ್ನೊಂದು ತೆಗೆದರು. "೧೯೫೧. ಅದೇ ವಾಕ್ಯ." ಮತ್ತೊಂದು. "ಹೋದ ವರ್ಷ. 'ಆರೋಗ್ಯವಾಗಿದ್ದಾರೆ' ಅಂತ ಸೇರಿಸಿದೆ."

ಅಧ್ಯಕ್ಷೆ ನನ್ನ ಕಡೆ ತಿರುಗಿದರು. "ಮಿಸ್ಟರ್ ಬೀಸ್ಲಿ. ಇದನ್ನ ಬರೆದೋರು ಯಾರು?"

"ಹದಿನಾಲ್ಕು ವರ್ಷದಿಂದ ನಾನು. ಮೊದಲಿಂದ ಬರ್ತಿತ್ತು, ತೆಗೆಯೋಕೆ ಮನಸ್ಸಾಗಲಿಲ್ಲ. ತಮಾಷೆಗೆ..."

"'ಆರೋಗ್ಯವಾಗಿದ್ದಾರೆ' ಅನ್ನೋದು?"

"ಸಾಲು ತುಂಬಲಿಲ್ಲ. ಜಾಗ ಉಳೀತು."

ಕೆಲಸ ಕಳೆದುಕೊಂಡು ನಾನು ಕಚೇರಿಯ ಮೆಟ್ಟಿಲು ಇಳಿಯುವ ಚಿತ್ರ ಕಣ್ಣಮುಂದೆ ಬಂತು. ಮಿಸ್ ವರ್ಡೆಲ್ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ಲಕೋಟೆ ತೆಗೆದರು. "ಇದು ಹೋದ ವಾರ ಬಂತು ಸಾರ್. ಅವರ ಹೆಸರಿಗೆ. ನಾನು ಒಡೆಯಲ್ಲ, ಅವರ ಕುರ್ಚಿ ಮೇಲಿಡ್ತೀನಿ. ಬೆಳಿಗ್ಗೆ ಬಂದು ನೋಡಿದ್ರೆ ಒಡೆದಿತ್ತು."

ಟಟಲ್ ಓದಿದರು. ವಿಶ್ವವಿದ್ಯಾಲಯದ ವಾರ್ಷಿಕ ಮನವಿ. "'ಪ್ರಿಯ ಶ್ರೀ ಲೆದರ್ಬಿ, ಮತ್ತೊಂದು ಚಳಿಗಾಲವನ್ನು ನಮ್ಮೊಂದಿಗೆ ಕಳೆಯಲು ನೀವು ಬರುತ್ತಿರುವುದು ನನಗೆ ವೈಯಕ್ತಿಕವಾಗಿ ಸಂತೋಷ ತಂದಿದೆ...' ಸಹಿ ನಿಮ್ಮದು ಡಾ. ಹ್ಯಾವರ್‌ಕ್ಯಾಂಪ್. ಮುದ್ರೆ ಅಲ್ಲ, ಶಾಯಿ."

"ಅಂಥವು ಸಾವಿರ ಸಹಿ ಮಾಡ್ತೀನಿ!" ಎಂದರು ಅಧ್ಯಕ್ಷೆ.

"ಮಾಡಿದ್ದೀರಿ" ಎಂದರು ಟಟಲ್. "ನ್ಯಾಯಾಧೀಶರ ಮುಂದೆ ನಾನು ಹೇಳಬೇಕಾದ್ದು ಇದು: ಸತ್ತಿದ್ದಾರೆ ಅಂತ ಗೊತ್ತಿರೋ ಮನುಷ್ಯನಿಗೆ ನಮ್ಮ ಅಧ್ಯಕ್ಷೆ ದೇಣಿಗೆ ಕೇಳಿ ಕಾಗದ ಬರೀತಾರೆ. ಇಲ್ಲವಾದ್ರೆ, ಅವರು ಬರ್ತಿದ್ದಾರೆ. ಎರಡರಲ್ಲಿ ಯಾವುದು ಹೇಳಲಿ?"

ಅಧ್ಯಕ್ಷೆ ಹ್ಯಾಟನ್ನು ಮಡಿಲಲ್ಲಿ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು. ಅವರ ಮೇಲ್ದುಟಿಯಲ್ಲಿ ಬೆವರಿತ್ತು. "ಇದನ್ನ ಇಲ್ಲಿಗೆ ಬಿಡೋಣ" ಎಂದರು ಕೊನೆಗೆ. "ಹಿತ್ತಲ ಮನೆ ಹಾಗೇ ಇರಲಿ. ಕಾರು ಎಲ್ಲಾದ್ರೂ ನಿಲ್ಲಿಸಿಕೊಳ್ಳಲಿ."

"ಆಗಬಹುದು" ಎಂದರು ಟಟಲ್. ಆಗ ನಾನು ಅವರನ್ನು ನೋಡಿದೆ. ಕೋಟು ತೋಳಿನ ಮೇಲೆ, ಎರಡು ಕೈ ಹಿಂದೆ, ಒಲೆಗೆ ಒರಗಿ ನಿಂತಿದ್ದರು. ಹಿಮ್ಮಡಿ ಮೆಲ್ಲಗೆ ಎತ್ತುತ್ತಿದ್ದರು, ಇಳಿಸುತ್ತಿದ್ದರು. ಎಷ್ಟು ಹೊತ್ತಿನಿಂದ ಎಂದು ಅವರಿಗೂ ಗೊತ್ತಿರಲಿಲ್ಲ. ಒಲೆಯ ಬಾಗಿಲು ಮುಚ್ಚಿತ್ತು. ಪಕ್ಕದ ಬುಟ್ಟಿಯಲ್ಲಿ ಸೌದೆ ಜೋಡಿಸಿದ್ದು ಜೋಡಿಸಿದ ಹಾಗೇ ಇತ್ತು. ನಾನು ಮಿಸ್ ವರ್ಡೆಲ್ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ಇಬ್ಬರೂ ಹೋದರು. ಟಟಲ್ ಹೊರಗೆ ಹೋಗಿ ಕೋಟು ಹಾಕಿಕೊಂಡು, ಏನೋ ಮರೆತವರ ಹಾಗೆ ಒಮ್ಮೆ ಹಿಂತಿರುಗಿ ನೋಡಿದರು. ಅವರ ಪ್ಯಾಂಟು ಶುಭ್ರವಾಗಿತ್ತು. ಕರಿ ಒಣಗಿ ಮೂರು ವಾರವಾಗಿತ್ತು.

ಮಿಸ್ ವರ್ಡೆಲ್ ಪತ್ರಿಕೆಗಳನ್ನು ವರ್ಷದ ಪ್ರಕಾರ ಜೋಡಿಸುತ್ತಾ ಬುಟ್ಟಿಗೆ ಹಾಕುತ್ತಿದ್ದರು. ನಾನು ಈ ಸಲವೂ ಒಲೆ ಮುಟ್ಟಲಿಲ್ಲ. ಚರ್ಮದ ಕುರ್ಚಿಯಿಂದ ಆದಷ್ಟು ದೂರ ನಿಂತು ಕೇಳಿದೆ.

"ಇವತ್ತಿಂದು ಬಿಡಿ ಮಿಸ್ ವರ್ಡೆಲ್, ಇವತ್ತು ಅವರು ಬರೋ ದಿನ. ನನಗೆ ಮಸಿ ಹತ್ತಿದ್ದು ಅಕ್ಟೋಬರಿನಲ್ಲಿ. ಚಿಮಣಿ ಮುಚ್ಚಿತ್ತು, ಬೆಂಕಿಪೊಟ್ಟಣ ನಿಮ್ಮ ಜೇಬಲ್ಲಿತ್ತು. ಅವತ್ತು ಆ ಒಲೆ ಯಾಕೆ ಬೆಚ್ಚಗಿತ್ತು?"

ಅವರು ೧೯೩೪ರ ಸಂಚಿಕೆಯ ಧೂಳು ಕೊಡವಿ, ಅದರ ಜಾಗದಲ್ಲಿಟ್ಟರು.

"ಈ ವರ್ಷ ವಕೀಲರು ಬರೋರಿದ್ರಲ್ಲ. ಅದಕ್ಕೇ ಇವರು ಸ್ವಲ್ಪ ಮುಂಚೆ ಬಂದ್ರು."